ಕೊತ್ತಂಬರಿ ಕಟ್ಟು ಮಾಯವಾಗದಂತೆ

ತುಮಕೂರಿನ ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಯ ಫೋಟೊ ಹಿನ್ನೆಲೆಗಿರಲಿ. ಅದರ ಮುಂದೆ, ಕೈಯಲ್ಲಿ ಬರೆದ ಅಜ್ಜಿಯೊಬ್ಬಳು ಕೊತ್ತಂಬರಿ ಕಟ್ಟು ಹಿಡಿದು ನಡೆದು ಬರಬೇಕು. ಸೆಕೆಂಡಿಗೆ 12 ಚಿತ್ರವೆಂದರೂ ಹತ್ತು ಸೆಕೆಂಡಿಗೆ 120 ಅಜ್ಜಿಯರು ಬೇಕು. ಅಷ್ಟೂ ಸಲ ಅಂಗಡಿ, ಲಾರಿ, ಮೂಟೆ ಬರೆಯುವವರು ಯಾರು?

1914ರ 'ಗರ್ಟಿ ದ ಡೈನೊಸಾರ್' ಚಿತ್ರಕ್ಕೆ ಹಾಗೇ ಮಾಡಿದ್ದರು: ಹಿನ್ನೆಲೆಯೂ ಪ್ರತಿ ಹಾಳೆಯ ಮೇಲೆ ಹೊಸದಾಗಿ. ಆಮೇಲೆ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆ ಬಂದು, ಪಾತ್ರ ಮೇಲೆ, ಹಿನ್ನೆಲೆ ಕೆಳಗೆ ಎಂದಾಯಿತು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ರಂಗದಲ್ಲಿ ನಟ ನಿಜ, ಪರದೆ ಬರೆದದ್ದು; ನಮ್ಮ ಅಜ್ಜಿಗೆ ಪರದೆಯೇ ನಿಜ.

ಈಗ ಕಂಪ್ಯೂಟರಿನಲ್ಲಿ ಬಿಳಿ ಹಾಳೆಯ ಬಿಳಿಯನ್ನೇ ಅಳಿಸಿದರೆ ಸಾಲದೆ? ಸಾಲದು. ಅಜ್ಜಿಯ ನರೆಗೂದಲೂ ಕಣ್ಣಿನ ಬಿಳಿಯೂ ತೂತಾಗಿ, ಹಿಂದಿನ ಲಾರಿ ಇಣುಕುತ್ತದೆ. ಆದ್ದರಿಂದ ಸ್ಕ್ಯಾನ್ ಮಾಡಿದ ಮೇಲೆ ಗೆರೆಯ ಹೊರಗಿನ ಜಾಗಕ್ಕೆ ಪಾತ್ರದಲ್ಲಿಲ್ಲದ ಬಣ್ಣ ತುಂಬಬೇಕು. ಆ ಬಣ್ಣ ಕಂಡಲ್ಲೆಲ್ಲ ಫೋಟೊ ತೋರಿಸು ಎಂದು ಕಂಪ್ಯೂಟರಿಗೆ ಹೇಳುವುದೇ ಕ್ರೋಮಾ ಕೀ.

ಸ್ಟುಡಿಯೊಗಳಲ್ಲಿ ಹಸಿರು ಬಳಸಲು ಕಾರಣವಿದೆ. ಮನುಷ್ಯರ ಮೈಬಣ್ಣ ಹಸಿರಿನಿಂದ ದೂರ. ಸಾಮಾನ್ಯ ಡಿಜಿಟಲ್ ಕ್ಯಾಮೆರಾದ ಸೆನ್ಸರಿನಲ್ಲಿ ಅರ್ಧದಷ್ಟು ಬಿಂದುಗಳು ಹಸಿರು ಬೆಳಕನ್ನೇ ಅಳೆಯುತ್ತವೆ. ಕೈಚಿತ್ರಕ್ಕೆ ಆ ಹಂಗಿಲ್ಲ. ಇಲ್ಲಿ ಹಸಿರಿಟ್ಟರೆ ಕೊತ್ತಂಬರಿ ಕಟ್ಟೇ ಮಾಯವಾದೀತು. ಕೆಂಪು, ನೀಲಿ ಬೆರೆತ ಮಜೆಂಟಾ ಇಡಿ, ಬುಟ್ಟಿಯಲ್ಲಿ ಬದನೆಕಾಯಿ ಇದ್ದರೆ ಅದೂ ಬೇಡ.

ನಿಜವಾದ ಪೇಚಾಟ ಅಂಚಿನಲ್ಲಿ. ಕಪ್ಪು ಗೆರೆ ಮುಗಿಯುವಲ್ಲಿನ ಪಿಕ್ಸೆಲ್ ಅರ್ಧ ಕಪ್ಪು, ಅರ್ಧ ಮಜೆಂಟಾ: ಕೆಂಪು 128, ಹಸಿರು 0, ನೀಲಿ 128. ಉಳಿಸಿದರೆ ಅಜ್ಜಿಯ ಸುತ್ತ ನೇರಳೆ ಅಂಚು. ಅಳಿಸಿದರೆ ಗೆರೆ ಹರಕು. ಜಾಣ ಲೆಕ್ಕ ಹೀಗೆ: ಕೆಂಪು, ನೀಲಿಗಳಲ್ಲಿ ಕಡಿಮೆ ಇರುವುದು ಹಸಿರಿಗಿಂತ ಎಷ್ಟು ಹೆಚ್ಚು? ಇಲ್ಲಿ 128, ಅಂದರೆ ಪೂರ್ಣ 255ರ ಅರ್ಧ. ಅಷ್ಟು ಪಾಲು ಪಾರದರ್ಶಕ ಮಾಡಿ, ಅಷ್ಟೇ ಕೆಂಪು, ನೀಲಿ ಕಳೆದರೆ ಉಳಿಯುವುದು ಅರೆಪಾರದರ್ಶಕ ಕಪ್ಪು. ಗೆರೆ ಫೋಟೊದಲ್ಲಿ ನಯವಾಗಿ ಬೆರೆಯುತ್ತದೆ.

ಚಿತ್ರಗಳನ್ನು ಮಾಮೂಲಿ ವಿಡಿಯೊ ಮಾಡಿ ಕೀ ಮಾಡಬೇಡಿ. ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ಲಿಗೆ ಒಂದೇ ಬಣ್ಣದ ಮಾಹಿತಿ ಉಳಿಯುವುದರಿಂದ ಅಂಚು ಹಲ್ಲುಹಲ್ಲಾಗುತ್ತದೆ. ಪಿಎನ್‌ಜಿ ಚಿತ್ರಗಳ ಸರಣಿ ಒಳ್ಳೆಯದು.

ನೆರಳನ್ನು ಮಾತ್ರ ಕೀಗೆ ಬಿಡಬಾರದು. ಫೋಟೊದ ಬಿಸಿಲು ಯಾವ ಕಡೆಯಿಂದ ಬಿದ್ದಿದೆ ನೋಡಿ, ಅಜ್ಜಿಯ ನೆರಳನ್ನು ಬೇರೆ ಪದರದಲ್ಲಿ ಬರೆದು, ಅರೆಪಾರದರ್ಶಕ ಮಾಡಿ ಪಾದಕ್ಕೆ ಅಂಟಿಸಿ. ಇಲ್ಲವಾದರೆ ಅಂಚು ಎಷ್ಟೇ ನಯವಾಗಿದ್ದರೂ ಅವಳು ಮಾರುಕಟ್ಟೆಯಲ್ಲಿ ನಡೆಯುವುದಿಲ್ಲ, ತೇಲುತ್ತಾಳೆ.