ಬೆಂಗಳೂರಿಗೆ ವಾಸ ಬದಲಾಯಿಸುವ ಕುಟುಂಬಗಳ ಗಮನಕ್ಕೆ

ಉದ್ಯೋಗ ನಿಮಿತ್ತ ಬೆಂಗಳೂರಿನಲ್ಲಿ ನೆಲೆಸಲಿಚ್ಛಿಸುವ ಕುಟುಂಬಗಳು ಬಾಡಿಗೆಯ ಮೊತ್ತವೊಂದನ್ನೇ ನೋಡಿ ಬಡಾವಣೆಯನ್ನು ಆಯ್ದುಕೊಳ್ಳಬಾರದು. ಮುಂಗಡ ಹಣ ಪಾವತಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು.

1. ಶಾಲೆ: ಮನೆಯಿಂದ ಶಾಲೆಯವರೆಗೆ ಒಮ್ಮೆ ನಡೆದು ನೋಡಿರಿ. ಕಿರಿಯ ಪ್ರಾಥಮಿಕ ತರಗತಿಗಳ ಮಕ್ಕಳಿಗೆ 1 ಕಿ.ಮೀ. ಒಳಗಿನ ಶಾಲೆ ಸೂಕ್ತ. ದಾರಿಯಲ್ಲಿ ಹೆದ್ದಾರಿ, ರೈಲು ಹಳಿ ಅಥವಾ ತೆರೆದ ರಾಜಕಾಲುವೆ ಇದೆಯೇ ಎಂಬುದನ್ನು ಗಮನಿಸಿರಿ.

2. ನೀರು: 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ 5ನೇ ಹಂತದ ಯೋಜನೆಯು 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡಿತು. ಆದರೂ ನೀವು ನೋಡಿದ ಮನೆಗೆ ಕಾವೇರಿ ಸಂಪರ್ಕವಿದೆಯೇ, ಕೊಳವೆ ಬಾವಿ ಅಥವಾ ಟ್ಯಾಂಕರ್ ನೀರೇ ಆಧಾರವೇ, ಬೇಸಿಗೆಯಲ್ಲಿ ಸ್ಥಿತಿ ಹೇಗೆ ಎಂಬುದನ್ನು ನೆರೆಯವರಲ್ಲಿ ವಿಚಾರಿಸಿರಿ.

3. ಆರೋಗ್ಯ: 6 ವರ್ಷದೊಳಗಿನ ಮಕ್ಕಳು ಹಾಗೂ ಗರ್ಭಿಣಿಯರಿರುವ ಕುಟುಂಬಗಳು ಸಮೀಪದ ಅಂಗನವಾಡಿ ಮತ್ತು ಸರ್ಕಾರಿ ಆರೋಗ್ಯ ಕೇಂದ್ರವನ್ನು ಗುರುತಿಸಿಕೊಳ್ಳುವುದು. ಮಗುವಿನ ಲಸಿಕೆ ಕಾರ್ಡನ್ನು ತಪ್ಪದೇ ತರುವುದು.

ವಿಶೇಷ ಸೂಚನೆ: ಶಿಕ್ಷಣ ಹಕ್ಕು ಕಾಯ್ದೆ, 2009ರ ಕಲಂ 5ರಂತೆ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೋರುವ 6ರಿಂದ 14 ವರ್ಷದ ಮಗುವಿಗೆ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣದಿಂದ ಪ್ರವೇಶ ನಿರಾಕರಿಸುವಂತಿಲ್ಲ. ಆದುದರಿಂದ ಪತ್ರ ಕೈಸೇರುವವರೆಗೆ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳದೆ ಕೂಡಲೇ ಶಾಲೆಗೆ ಸೇರಿಸತಕ್ಕದ್ದು.