ಕಾಡುದಾರಿಯ ಓಟಕ್ಕೆ ಕಾಲಿಗೊಪ್ಪುವ ಶೂ

ಮಕ್ಕಳಿಗೆ ಸ್ಕೂಲ್ ಶೂ ಕೊಳ್ಳುವಾಗ ತುದಿ ಒತ್ತಿ ಒತ್ತಿ ನೋಡುತ್ತೇವೆ. ‘ನಡೆದು ತೋರ್ಸು, ಎಲ್ಲಾದ್ರೂ ಚುಚ್ಚುತ್ತಾ?’ ಅಂತ ನಾಲ್ಕು ಸಲ ಕೇಳುತ್ತೇವೆ. ಯಜಮಾನರ ಆಫೀಸ್ ಶೂಗೆ ಮೂರು ಅಂಗಡಿ ಸುತ್ತುತ್ತೇವೆ. ನಮ್ಮ ಸರದಿ ಬಂದಾಗ ಮಾತ್ರ ‘ನಂದು ಐದನೇ ನಂಬರ್, ಆ ಪಿಂಕ್ ಕಲರಿಂದು ಕೊಟ್ಬಿಡಿ’ ಅಂದುಬಿಡುತ್ತೇವೆ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವವರಿಗೆ ಅಷ್ಟು ಸಾಕಾದೀತು. ಆದರೆ ವಾಕಿಂಗ್‌ನಿಂದ ಜಾಗಿಂಗ್‌ಗೆ, ಅಲ್ಲಿಂದ ಹತ್ತು ಕಿಲೋಮೀಟರ್ ಓಟಕ್ಕೆ ಬಡ್ತಿ ಪಡೆದ ಎಷ್ಟೋ ಹೆಂಗಸರು ಈಗ ವಾರಾಂತ್ಯದಲ್ಲಿ ತುರಹಳ್ಳಿಯ ಕೆಮ್ಮಣ್ಣಿನ ದಾರಿ, ನಂದಿಬೆಟ್ಟದ ಕಾಲುಹಾದಿ, ಚಿಕ್ಕಮಗಳೂರಿನ ಕಾಫಿ ತೋಟಗಳತ್ತ ಹೊರಟಿದ್ದಾರೆ. ಟ್ರೇಲ್ ರನ್ನಿಂಗ್ ಎಂದರೆ ಇದೇ: ಟಾರು ಬಿಟ್ಟು ಮಣ್ಣು, ಕಲ್ಲು, ಬೇರುಗಳ ಮೇಲೆ ಓಡುವುದು.

ಇಲ್ಲಿ ಶೂ ಕೈಕೊಟ್ಟರೆ ಕಾಲಿಗೇ ಪೆಟ್ಟು. ಇಳಿಜಾರಿನಲ್ಲಿ ಜಾರಿದರೆ ಹರಡು ಉಳುಕುತ್ತದೆ, ತುದಿ ಬಿಗಿಯಾದರೆ ಹೆಬ್ಬೆರಳ ಉಗುರು ಕಪ್ಪಾಗಿ ಕಿತ್ತೇ ಬರುತ್ತದೆ. ಕಾಲು ಉಳುಕಿಸಿಕೊಂಡು ಮೂರು ವಾರ ಕೂತರೆ ಮನೆ ನೋಡುವವರು ಯಾರು ಹೇಳಿ? ಆದ್ದರಿಂದ ಬ್ರ್ಯಾಂಡ್, ಬಣ್ಣ, ಆಫರ್ ಇವೆಲ್ಲ ಆಮೇಲೆ. ಮೊದಲು ನಿಮ್ಮ ಪಾದ, ನಂತರ ನೀವು ಓಡುವ ದೂರ, ಆಮೇಲೆ ನೆಲ. ಈ ಕ್ರಮದಲ್ಲಿ ಯೋಚಿಸಿದರೆ ಆಯ್ಕೆ ಅರ್ಧ ಮುಗಿದಂತೆಯೇ.

ಮದುವೆಗೆ ಮುಂಚಿನ ಸೈಜ್ ಮರೆತುಬಿಡಿ

ಕಾಲೇಜಿನ ದಿನಗಳಲ್ಲಿ ಐದನೇ ನಂಬರ್ ಇತ್ತು ಎಂದ ಮಾತ್ರಕ್ಕೆ ಈಗಲೂ ಅದೇ ಇರಬೇಕಿಲ್ಲ. ಗರ್ಭಿಣಿಯಾಗಿದ್ದಾಗ ಮೈತೂಕ ಹೆಚ್ಚುತ್ತದೆ, ಕೀಲುಗಳನ್ನು ಹಿಡಿದಿಡುವ ನಾರುಗಳು ಸಡಿಲಗೊಳ್ಳುತ್ತವೆ. ಅಂಗಾಲಿನ ಕಮಾನು ಸ್ವಲ್ಪ ಕುಸಿದು ಪಾದ ಉದ್ದವಾಗುತ್ತದೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 49 ಗರ್ಭಿಣಿಯರ ಪಾದ ಅಳೆದು, ಹೆರಿಗೆಯಾಗಿ ಐದು ತಿಂಗಳ ನಂತರ ಮತ್ತೆ ಅಳೆದಾಗ ಹೆಚ್ಚಿನವರ ಪಾದ ಬೆಳೆದಿರುವುದು ಕಂಡುಬಂತು. ಈ ವರದಿ ಪ್ರಕಟವಾದದ್ದು 2013ರಲ್ಲಿ. ಮೊದಲ ಹೆರಿಗೆಯಲ್ಲೇ ಬದಲಾವಣೆ ಜಾಸ್ತಿಯಂತೆ. ‘ಬಾಣಂತನ ಆದ್ಮೇಲೆ ಹಳೆ ಚಪ್ಪಲಿ ಯಾವುದೂ ಹಿಡಿಸ್ತಿಲ್ಲ’ ಎಂದು ನಾವು ಹೇಳಿಕೊಳ್ಳುವುದು ಸುಮ್ಮನೆ ಅಲ್ಲ!

ಇನ್ನೊಂದು ವಿಷಯ. ಅಂಗಡಿಯಲ್ಲಿ ಸಿಗುವ ಶೂಗಳ ಅಳತೆ ಹೆಚ್ಚಾಗಿ ಹೊರದೇಶದವರ ಪಾದ ನೋಡಿ ಮಾಡಿದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಅದರಿಂದ ತಿಳಿದದ್ದು: ನಮ್ಮವರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲ. ಇದನ್ನು ಆಧರಿಸಿ ‘ಭಾ’ ಎಂಬ ನಮ್ಮದೇ ಅಳತೆ ಪದ್ಧತಿಯ ಪ್ರಸ್ತಾವವೂ ಬಂತು. ಬಿಗಿಯಾದ ಶೂಗೆ ಕಾಲು ತುರುಕಿ ‘ನನ್ನ ಕಾಲೇ ಸರಿಯಿಲ್ಲ’ ಎಂದು ನೊಂದುಕೊಳ್ಳುವವರು ಇದನ್ನು ಓದಿ ಸಮಾಧಾನಪಡಲಿ.

ಮನೆಯಲ್ಲೇ ಅಳೆಯಿರಿ. ಸಂಜೆ ಹೊತ್ತು, ಗೋಡೆಗೆ ಹಿಮ್ಮಡಿ ತಾಗಿಸಿ, ಬಿಳಿ ಹಾಳೆಯ ಮೇಲೆ ನೆಟ್ಟಗೆ ನಿಲ್ಲಿ. ಮಕ್ಕಳ ಕೈಯಲ್ಲಿ ಪೆನ್ಸಿಲ್ ಕೊಟ್ಟು ಪಾದದ ಸುತ್ತ ಗೆರೆ ಎಳೆಸಿ. ಉದ್ದ, ಅಗಲ ಎರಡನ್ನೂ ಸೆಂಟಿಮೀಟರಿನಲ್ಲಿ ಬರೆದಿಡಿ. ಎರಡೂ ಕಾಲು ಒಂದೇ ಅಳತೆ ಇರುವುದು ಅಪರೂಪ. ದೊಡ್ಡ ಕಾಲಿನ ಅಳತೆಯನ್ನೇ ಹಿಡಿಯಿರಿ. ಐದನೇ ನಂಬರ್ ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ಬಹಳಷ್ಟು ಶೂಗಳ ನಾಲಿಗೆಯ ಒಳಗೆ ಸೆಂಟಿಮೀಟರ್ ಅಳತೆಯೂ ಇರುತ್ತದೆ. ಅದು ನಂಬರಿಗಿಂತ ನಂಬಿಕಸ್ಥ.

ಬೆರಳು, ಕಮಾನು, ಕಾಲುಂಗುರ

ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಿದ್ದರೆ ಅವಳು ಗಂಡನನ್ನು ಆಳುತ್ತಾಳೆ ಎನ್ನುವ ಮಾತು ಕೇಳಿದ್ದೀರಲ್ಲ? ಆಳುವುದು ಬಿಡುವುದು ಅವರವರ ಮನೆ ವಿಚಾರ. ಶೂ ವಿಷಯದಲ್ಲಿ ಮಾತ್ರ ಆ ಉದ್ದ ಬೆರಳೇ ಯಜಮಾನಿ. ಯಾವ ಬೆರಳು ಎಲ್ಲಕ್ಕಿಂತ ಮುಂದಿದೆಯೋ ಅದರ ತುದಿಯಿಂದ ಶೂ ತುದಿಗೆ ಒಂದು ಹೆಬ್ಬೆಟ್ಟಿನ ಅಗಲ ಜಾಗ ಇರಬೇಕು.

ಬೆರಳುಗಳ ಕಡೆ ಅಗಲ, ಹಿಮ್ಮಡಿ ಕಡೆ ಸಪೂರ ಇರುವ ಪಾದ ನಮ್ಮಲ್ಲಿ ಅನೇಕರದ್ದು. ಅಂಥವರು ಮುಂಭಾಗ ಅಗಲವಿರುವ ಶೂ ಆರಿಸಿ, ಹಿಮ್ಮಡಿಯನ್ನು ಲೇಸಿನಿಂದ ಬಿಗಿ ಮಾಡಿಕೊಳ್ಳಬೇಕು. ಶೂ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಖಾಲಿ ಬಿಡುವ ಒಂದು ತೂತು ಇರುತ್ತದಲ್ಲ, ಅದು ಇದಕ್ಕೇ ಇರುವುದು. ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಚಿಕ್ಕ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರುವುದಿಲ್ಲ. ಹೆಬ್ಬೆರಳ ಬುಡದಲ್ಲಿ ಗಂಟು ಎದ್ದವರು ಆ ಜಾಗದಲ್ಲಿ ಹೊಲಿಗೆ, ಪ್ಲಾಸ್ಟಿಕ್ ಪಟ್ಟಿ ಇಲ್ಲದ ಮೆತ್ತನೆ ಬಲೆಯ ಶೂ ನೋಡಿ. ಪಾದದ ಮೇಲ್ಭಾಗ ಎತ್ತರ ಇರುವವರು ನಡುವಿನ ಒಂದು ಜೋಡಿ ತೂತು ಬಿಟ್ಟು ಲೇಸ್ ಕಟ್ಟಿದರೆ ಒತ್ತಡ ಕಡಿಮೆಯಾಗುತ್ತದೆ.

ಒದ್ದೆ ಪಾದವನ್ನು ನೆಲದ ಮೇಲೆ ಊರಿ ನೋಡಿ. ಕೃಷ್ಣಾಷ್ಟಮಿಗೆ ನಾವು ಬಿಡಿಸುವ ಪುಟ್ಟ ಹೆಜ್ಜೆಯಂತೆ ಒಳಬದಿ ಬಾಗಿದ್ದರೆ ಕಮಾನು ಇದೆ ಎಂದರ್ಥ. ಇಡೀ ಅಂಗಾಲು ಮೂಡಿದರೆ ಚಪ್ಪಟೆ ಪಾದ. ಆದರೆ ಅಂಗಡಿಯವರು ‘ಮೇಡಂ, ನಿಮ್ದು ಫ್ಲಾಟ್ ಫುಟ್, ಇದೇ ತಗೊಳ್ಬೇಕು’ ಎಂದು ದುಬಾರಿ ಶೂ ಮುಂದಿಟ್ಟರೆ ಹೆದರಬೇಡಿ. ಅಮೆರಿಕದ ಸೇನಾ ತರಬೇತಿಯಲ್ಲಿ ಪಾದದ ಕಮಾನು ನೋಡಿ ಶೂ ಹಂಚಿದಾಗಲೂ ಪೆಟ್ಟುಗಳು ಕಡಿಮೆಯಾಗಲಿಲ್ಲ. ಹಾಕಿಕೊಂಡಾಗ ಹಿತವೆನಿಸುವುದೇ ಒಳ್ಳೆಯ ಗುರುತು. ಹಿಮ್ಮಡಿ ನೋವು, ಮಧುಮೇಹದಿಂದ ಪಾದ ಜೋಮು ಹಿಡಿಯುವುದು ಇದ್ದವರು ಮಾತ್ರ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಕಾಲುಂಗುರದ ಬಗ್ಗೆ ಯಾವ ಶೂ ಕಂಪನಿಯೂ ಹೇಳುವುದಿಲ್ಲ, ನಾವೇ ಹೇಳಿಕೊಳ್ಳಬೇಕು. ದೂರ ಓಡಿದಾಗ ಬೆರಳು ಊದುತ್ತದೆ. ದಪ್ಪ ಕಾಲುಂಗುರ ಪಕ್ಕದ ಬೆರಳಿಗೆ ಉಜ್ಜಿ ಬೊಬ್ಬೆ ಏಳುತ್ತದೆ, ಕೆಲವೊಮ್ಮೆ ತೆಗೆಯಲೂ ಬರುವುದಿಲ್ಲ. ಓಟದ ಹೊತ್ತಿಗೆ ತೆಗೆದಿಡುವುದು ಉತ್ತಮ. ತೆಗೆಯಲು ಮನಸ್ಸಿಲ್ಲದಿದ್ದರೆ ಬಾಯಿ ಬಿಟ್ಟಿರುವ, ನುಣುಪಾದ ತೆಳು ಉಂಗುರ ಹಾಕಿ, ಶೂವನ್ನು ಅದರ ಸಮೇತ ಪರೀಕ್ಷಿಸಿ.

ದೂರ ಹೆಚ್ಚಿದಂತೆ ಶೂ ಬದಲು

* 5ರಿಂದ 10 ಕಿ.ಮೀ.: ಹಗುರವಾದ, ನೆಲಕ್ಕೆ ಹತ್ತಿರವಿರುವ ಶೂ ಸಾಕು. ಸೋಲ್ ತೀರಾ ದಪ್ಪವಿಲ್ಲದಿದ್ದರೆ ಕಾಲಡಿಯ ಕಲ್ಲು ಗೊತ್ತಾಗುತ್ತದೆ, ಹೆಜ್ಜೆ ತಪ್ಪುವುದಿಲ್ಲ.

* 10ರಿಂದ 21 ಕಿ.ಮೀ.: ಮಧ್ಯಮ ಮೆತ್ತೆ ಬೇಕು. ಕಲ್ಲು ಜಾಸ್ತಿ ಇರುವ ದಾರಿಯಾದರೆ ಸೋಲ್ ಒಳಗೆ ರಾಕ್ ಪ್ಲೇಟ್ ಎಂಬ ಗಟ್ಟಿ ಹಾಳೆ ಇರುವುದನ್ನು ಕೇಳಿ. ಚೂಪು ಕಲ್ಲು ಅಂಗಾಲಿಗೆ ಚುಚ್ಚುವುದಿಲ್ಲ.

* 30 ಕಿ.ಮೀ. ಮತ್ತು ಮೇಲೆ: ಚಿಕ್ಕಮಗಳೂರು ಕಡೆಯ ಮಲ್ನಾಡ್ ಅಲ್ಟ್ರಾದಂಥ ದೂರದ ಓಟದ ಕನಸಿದ್ದವರಿಗೆ ದಪ್ಪ ಮೆತ್ತೆ, ಧಾರಾಳ ಮುಂಭಾಗ ಎರಡೂ ಬೇಕು. ಗಂಟೆಗಟ್ಟಲೆ ಓಡಿದಾಗ ಪಾದ ಊದುವುದರಿಂದ ಅರ್ಧ ಸೈಜ್ ದೊಡ್ಡದು ತಗೊಳ್ಳಿ. ಹೋಕಾ ಕಂಪನಿ ದಪ್ಪ ಮೆತ್ತೆಗೆ ಹೆಸರಾಗಿದ್ದರೆ, ಆಲ್ಟ್ರಾ ಬೆರಳು ಹರಡಿಕೊಳ್ಳುವಷ್ಟು ಅಗಲದ ಮುಂಭಾಗಕ್ಕೆ ಹೆಸರು ಮಾಡಿದೆ.

ಇಲ್ಲಿ ‘ಡ್ರಾಪ್’ ಎನ್ನುವ ಪದ ಕೇಳಿಬರುತ್ತದೆ. ಹಿಮ್ಮಡಿ ಬೆರಳಿಗಿಂತ ಎಷ್ಟು ಎತ್ತರದಲ್ಲಿದೆ ಎನ್ನುವ ಲೆಕ್ಕ ಅದು. ರಸ್ತೆ ಶೂಗಳಲ್ಲಿ ಸಾಮಾನ್ಯವಾಗಿ 8ರಿಂದ 12 ಮಿ.ಮೀ. ಇರುತ್ತದೆ. ಟ್ರೇಲ್ ಶೂಗಳಲ್ಲಿ 4ರಿಂದ 8 ಮಿ.ಮೀ. ಹೆಚ್ಚು. ಸೊನ್ನೆ ಡ್ರಾಪ್‌ನವೂ ಇವೆ. ಒಮ್ಮೆಲೇ ಕಡಿಮೆ ಡ್ರಾಪ್‌ಗೆ ಹಾರಿದರೆ ಮೀನಖಂಡ, ಹಿಮ್ಮಡಿಯ ನರ ಎರಡೂ ಹಿಡಿದುಕೊಳ್ಳುತ್ತವೆ. ವಾರಕ್ಕೊಂದು ಚಿಕ್ಕ ಓಟದಿಂದ ರೂಢಿ ಮಾಡಿಕೊಳ್ಳಿ.

ನೆಲ ನೋಡಿ ಹಲ್ಲು

ಟ್ರೇಲ್ ಶೂ ಅಡಿಯಲ್ಲಿ ಟ್ರ್ಯಾಕ್ಟರ್ ಟೈರಿನಂತೆ ರಬ್ಬರ್ ಹಲ್ಲುಗಳಿರುತ್ತವೆ. ಒಣಗಿದ ಗಟ್ಟಿ ಮಣ್ಣಿಗೆ 3 ಮಿ.ಮೀ. ಹಲ್ಲು ಸಾಕು. ಎಲ್ಲ ಥರದ ದಾರಿಗೆ 4 ಮಿ.ಮೀ. ಆದೀತು. ಮಳೆಗಾಲದ ಮಲೆನಾಡಿನ ಕೆಸರಿಗೆ 5 ಮಿ.ಮೀ.ಗಿಂತ ಆಳದ, ದೂರ ದೂರ ಇರುವ ಹಲ್ಲು ಬೇಕು. ಹತ್ತಿರ ಹತ್ತಿರ ಇದ್ದರೆ ಕೆಸರು ಮೆತ್ತಿಕೊಂಡು ಹಲ್ಲಿದ್ದೂ ಇಲ್ಲದಂತೆ. ಆದರೆ ನಮ್ಮ ಬಯಲುಸೀಮೆಯ ಬಂಡೆಗಳ ಮೇಲೆ ಆಳ ಹಲ್ಲು ಕೆಲಸಕ್ಕೆ ಬಾರದು. ಒದ್ದೆ ಬಂಡೆಗೆ ಬೇಕಾದದ್ದು ಅಂಟು ಹಿಡಿಯುವ ಮೆತ್ತನೆ ರಬ್ಬರ್. ವೈಬ್ರಮ್ ಎಂಬ ಹಳದಿ ಗುರುತು ಕೆಲವು ಸೋಲ್‌ಗಳ ಮೇಲೆ ಕಂಡಿರಬಹುದು. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಸಂಗಡಿಗರು ತೀರಿಕೊಂಡ ಮೇಲೆ, ಸರಿಯಾದ ಶೂ ಇದ್ದಿದ್ದರೆ ಉಳಿಯುತ್ತಿದ್ದರೇನೋ ಎಂದು ಇಟಲಿಯ ವಿತಾಲೆ ಬ್ರಮಾನಿ ರಬ್ಬರ್ ಸೋಲ್ ರೂಪಿಸಲು ಹೊರಟರು. ಆತನ ಹೆಸರಿನಿಂದಲೇ ವೈಬ್ರಮ್ ಬಂದದ್ದು.

ವಾಟರ್‌ಪ್ರೂಫ್ ಶೂ ಎಂದ ಕೂಡಲೇ ಮರುಳಾಗಬೇಡಿ. ಹಳ್ಳ ದಾಟುವಾಗ ಮೇಲಿನಿಂದ ಒಳಗೆ ಹೋದ ನೀರು ಅದರಲ್ಲಿ ಹೊರಗೆ ಬರುವುದಿಲ್ಲ, ಕಾಲು ಕೊಡದಲ್ಲಿಟ್ಟಂತೆ! ನಮ್ಮ ಸೆಕೆಗೆ, ಮಳೆಗೆ ನೀರು ಬಸಿದು ಬೇಗ ಒಣಗುವ ಬಲೆಯ ಶೂವೇ ವಾಸಿ.

ಅಂಗಡಿಗೆ ಹೋದಾಗ

* ಸಂಜೆ ಹೋಗಿ. ದಿನವಿಡೀ ನಿಂತು ಕೆಲಸ ಮಾಡಿದ ಪಾದ ಸ್ವಲ್ಪ ಹಿಗ್ಗಿರುತ್ತದೆ.
* ಓಡುವಾಗ ಹಾಕುವ ಸಾಕ್ಸನ್ನೇ ಒಯ್ಯಿರಿ. ಹತ್ತಿ ಸಾಕ್ಸ್ ಬೆವರು ಹೀರಿ ಬೊಬ್ಬೆ ಎಬ್ಬಿಸುತ್ತದೆ. ಸಿಂಥೆಟಿಕ್ ಅಥವಾ ತೆಳು ಉಣ್ಣೆಯದು ಒಳ್ಳೆಯದು.
* ಒಳಗಿನ ಇನ್‌ಸೋಲ್ ಹೊರತೆಗೆದು ಅದರ ಮೇಲೆ ನಿಲ್ಲಿ. ಪಾದ ಅಂಚು ದಾಟಿದರೆ ಆ ಶೂ ನಿಮ್ಮದಲ್ಲ.
* ಎರಡೂ ಕಾಲಿಗೆ ಹಾಕಿ ಮೆಟ್ಟಿಲು ಇಳಿಯಿರಿ. ಬೆರಳು ತುದಿಗೆ ಬಡಿಯಬಾರದು, ಹತ್ತುವಾಗ ಹಿಮ್ಮಡಿ ಏಳಬಾರದು.
* ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಎಂಬ ಮಾತು ಕೇಳಿದರೆ ಎದ್ದು ಬನ್ನಿ. ಓಟದ ಶೂ ಮೊದಲ ದಿನವೇ ಸರಿ ಇರಬೇಕು.
* ಲೇಡೀಸ್ ಶೂ ಬಿಗಿಯಾದರೆ ಸಂಕೋಚ ಬಿಟ್ಟು ಜೆಂಟ್ಸ್ ಶೂ ಕೇಳಿ. ಅವು ಸಾಮಾನ್ಯವಾಗಿ ಅಗಲ ಇರುತ್ತವೆ.

ಬಾಳಿಕೆ ಬರಬೇಕಾದರೆ

ಕೆಸರಾದ ಶೂವನ್ನು ವಾಷಿಂಗ್ ಮೆಷಿನ್ನಿಗೆ ಹಾಕಬೇಡಿ. ಇನ್‌ಸೋಲ್ ತೆಗೆದು, ನಲ್ಲಿ ನೀರಿನಲ್ಲಿ ಹಳೆ ಬ್ರಷ್‌ನಿಂದ ಉಜ್ಜಿ, ಒಳಗೆ ದಿನಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ. ಕಡು ಬಿಸಿಲು, ಒಲೆಯ ಶಾಖಕ್ಕೆ ಅಂಟು ಬಿಡುತ್ತದೆ. ಶೂಗಳ ಮೆತ್ತೆ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ. ವಾರಕ್ಕೆ 15 ಕಿ.ಮೀ. ಓಡಿದರೆ ವರ್ಷಕ್ಕೆ 780 ಕಿ.ಮೀ. ಆಯಿತು. ಅಂದರೆ ಒಂದು ಜೋಡಿಗೆ ಹೆಚ್ಚುಕಡಿಮೆ ಒಂದು ವರ್ಷ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಓಡಿದ ಲೆಕ್ಕವನ್ನೂ ಬರೆದಿಡಿ. ಮೇಲ್ನೋಟಕ್ಕೆ ಹೊಸದರಂತಿದ್ದರೂ ಮೆತ್ತೆ ಸತ್ತಿದ್ದರೆ ಮೊಣಕಾಲು ಮೊದಲು ದೂರುತ್ತದೆ. ಹಾಗೆ ಸತ್ತ ಶೂವನ್ನು ತರಕಾರಿ ತರಲು ಇಟ್ಟುಕೊಳ್ಳಿ, ಓಟಕ್ಕೆ ಬೇಡ.

ಈ ವಾರ ಮೊದಲು ಹಾಳೆಯ ಮೇಲೆ ಪಾದದ ಗೆರೆ ಎಳೆಯಿರಿ. ಆ ಹಾಳೆ ಮಡಿಚಿ ಪರ್ಸಿನಲ್ಲಿಟ್ಟುಕೊಂಡೇ ಅಂಗಡಿ ಮೆಟ್ಟಿಲು ಹತ್ತಿ. ಸೇಲ್ಸ್‌ಮನ್ ‘ಯಾವ ನಂಬರ್ ಮೇಡಂ?’ ಎಂದಾಗ ಅದನ್ನೇ ಬಿಚ್ಚಿ ತೋರಿಸಿ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ. ನಿಮ್ಮ ಕಾಲು ಗಟ್ಟಿಯಾಗಿದ್ದರೆ ವರ್ಷವರ್ಷವೂ ಹತ್ತಿ ಬರಬಹುದು!