ಕ್ರಮ ಅಡಗಿದ್ದಲ್ಲಿ ಲೋಕಗಳು ಲೆಕ್ಕ ಮೀರುತ್ತವೆ

ಮೂಡುಬಿದಿರೆಯ ಗುರುಬಸದಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ‘ಧವಲಾ’ ಟೀಕೆಯ ತಾಳೆಗರಿಗಳು ಕನ್ನಡ ಲಿಪಿಯಲ್ಲಿವೆ. ರಾಷ್ಟ್ರಕೂಟರ ಕಾಲದ ವೀರಸೇನಾಚಾರ್ಯರ ಈ ಕೃತಿ ಸಂಖ್ಯೆಗಳನ್ನು ಸಂಖ್ಯಾತ, ಅಸಂಖ್ಯಾತ, ಅನಂತ ಎಂದು ವಿಂಗಡಿಸಿ, ಅನಂತದಲ್ಲೂ ಬಗೆಗಳನ್ನು ಕಾಣುತ್ತದೆ. ಅನಂತಗಳಲ್ಲಿ ಹಿರಿದು ಕಿರಿದು ಉಂಟೆಂಬುದಕ್ಕೆ ಆಧುನಿಕ ಗಣಿತದ ಪುರಾವೆ ಸಿಕ್ಕಿದ್ದು 1874ರಲ್ಲಿ, ಜರ್ಮನಿಯ ಗೇಯಾರ್ಗ್ ಕ್ಯಾಂಟರ್ ಅವರಿಂದ.

ಗಣಿತೀಯ ತರ್ಕಶಾಸ್ತ್ರ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಕೆಲವು ನಿಯಮಗಳನ್ನು ಕೊಟ್ಟರೆ, ಅವನ್ನು ಪಾಲಿಸುವ ಲೋಕಗಳು ಎಷ್ಟು ಬಗೆ? ನಿಯಮಗಳ ಕಟ್ಟು ‘ಸಿದ್ಧಾಂತ’. ಅದನ್ನು ಪಾಲಿಸುವ ಲೋಕ ‘ಮಾದರಿ’. ರಚನೆ ಒಂದೇ ಆಗಿರುವ ಮಾದರಿಗಳನ್ನು ಒಂದೆಂದೇ ಎಣಿಸುತ್ತಾರೆ.

ಬಿಂದುಗಳ ಒಂದು ಸಾಲು ತೆಗೆದುಕೊಳ್ಳೋಣ. ಯಾವ ಎರಡರ ನಡುವೆಯೂ ಇನ್ನೊಂದು ಬಿಂದು ಇರಬೇಕು. ಸಾಲಿಗೆ ಮೊದಲೂ ಕೊನೆಯೂ ಇರಬಾರದು. ಭಾಗಲಬ್ಧ ಸಂಖ್ಯೆಗಳ ಸಾಲು ಹೀಗಿದೆ. ಬಿಂದುಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಬಹುದಾದರೆ ಇಂಥ ಸಾಲು ಒಂದೇ ಒಂದು ಬಗೆ. ಇದೂ ಕ್ಯಾಂಟರ್ ಕಂಡುಕೊಂಡದ್ದೇ.

ಪಟ್ಟಿಗೆ ಸಿಗದ ಅನಂತಗಳಲ್ಲಿ ಅತಿ ಚಿಕ್ಕದಕ್ಕೆ ಹೋದರೆ ಚಿತ್ರವೇ ಬೇರೆ. ಸಾಲನ್ನು ತುಂಡು ತುಂಡಾಗಿ ಬಲಕ್ಕೆ ಬೆಳೆಸುತ್ತ ಹೋಗಿ. ಪ್ರತಿ ಜೋಡಣೆಯಲ್ಲೂ ಹಿಂದಿನ ಭಾಗದ ಅಂಚಿಗೆ ಒಂದು ಗಡಿಬಿಂದು ಇಡಬಹುದು, ಇಲ್ಲವೇ ಆ ಜಾಗ ಖಾಲಿ ಬಿಡಬಹುದು. ಕೆಲವೇ ಕಡೆ ಆಯ್ಕೆ ಬದಲಾದರೆ ಸಾಲು ಬದಲಾಗದೆ ಉಳಿಯಬಹುದು. ಸಾಕಷ್ಟು ಕಡೆ ಬದಲಾದರೆ ಒಂದನ್ನು ಇನ್ನೊಂದಕ್ಕೆ ಹೊಂದಿಸಲು ಆಗುವುದೇ ಇಲ್ಲ. ಹೀಗೆ ಆ ಗಾತ್ರದ ಗಣಕ್ಕೆ ಎಷ್ಟು ಉಪಗಣಗಳೋ ಅಷ್ಟು ಬಗೆಯ ಸಾಲುಗಳು ಹುಟ್ಟುತ್ತವೆ. ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ.

ಈ ಸ್ಫೋಟದ ಬೇರನ್ನು ಹಿಡಿದವರು ಇಸ್ರೇಲಿನ ಸಹರೋನ್ ಶೆಲಾ. ಸಿದ್ಧಾಂತದ ಯಾವುದಾದರೂ ಸೂತ್ರ ಅನಂತ ಸರಣಿಯೊಂದನ್ನು ಹಿಂದು–ಮುಂದಾಗಿ ಜೋಡಿಸಬಲ್ಲದಾದರೆ ಆ ಸಿದ್ಧಾಂತ ‘ಅಸ್ಥಿರ’. ಅದರ ನಿಯಮಗಳು ಪಟ್ಟಿ ಮಾಡಬಹುದಾದಷ್ಟೇ ಇದ್ದರೂ, ಪಟ್ಟಿಗೆ ಸಿಗದ ಪ್ರತಿಯೊಂದು ಗಾತ್ರದಲ್ಲೂ ಮಾದರಿಗಳು ಗರಿಷ್ಠ ಸಂಖ್ಯೆಯಲ್ಲಿರುತ್ತವೆ. 1971ರ ಪ್ರಬಂಧದಲ್ಲಿ ಆರಂಭವಾದ ಈ ವಿಚಾರ 1978ರ ಅವರ ಗ್ರಂಥದಲ್ಲಿ ವಿಸ್ತಾರ ಪಡೆಯಿತು.

ಕ್ರಮ ಎದ್ದು ಕಾಣಬೇಕೆಂದಿಲ್ಲ. ವಾಸ್ತವ ಸಂಖ್ಯೆಗಳಲ್ಲಿ ಕೂಡುವುದು, ಗುಣಿಸುವುದು ಇವೆರಡನ್ನೇ ಇಟ್ಟುಕೊಂಡರೂ, ಎರಡರ ವ್ಯತ್ಯಾಸ ಸೊನ್ನೆಯಲ್ಲದ ವರ್ಗವಾಗಿದೆಯೇ ಎಂದು ನೋಡಿ ಯಾವುದು ದೊಡ್ಡದೆಂದು ಹೇಳಬಹುದು. ಹಾಗಾಗಿ ಅವುಗಳ ಸಿದ್ಧಾಂತ ಅಸ್ಥಿರ. ಸಂಕೀರ್ಣ ಸಂಖ್ಯೆಗಳಲ್ಲಿ ಪ್ರತಿಯೊಂದೂ ವರ್ಗವೇ ಆದ್ದರಿಂದ ಈ ಉಪಾಯ ನಡೆಯದು. ಬೇರೆ ಯಾವ ಸೂತ್ರವೂ ಅಲ್ಲಿ ಅಂಥ ಕ್ರಮ ತರಲಾರದು. ಆ ಸಿದ್ಧಾಂತಕ್ಕೆ ಪಟ್ಟಿಗೆ ಸಿಗದ ಪ್ರತಿ ಗಾತ್ರದಲ್ಲೂ ಒಂದೇ ಮಾದರಿ.

ಸ್ಥಿರವಾದ ಸಿದ್ಧಾಂತಗಳಿಗೆಲ್ಲ ಮಾದರಿಗಳು ಕಡಿಮೆ ಎಂದಲ್ಲ. ಆದರೆ ಅಸ್ಥಿರತೆ ಕಂಡಲ್ಲಿ ಮಾದರಿಗಳನ್ನೆಲ್ಲ ಒಂದು ಅಚ್ಚುಕಟ್ಟಾದ ಪಟ್ಟಿಗೆ ತರುವ ಆಸೆ ಬಿಡಬೇಕು. ಒಂದು ಲೋಕವನ್ನು ಎಷ್ಟರಮಟ್ಟಿಗೆ ವಿವರಿಸಿ ಮುಗಿಸಬಹುದು ಎಂಬುದನ್ನು ಎಣಿಕೆಯೇ ಹೇಳಿಬಿಡುತ್ತದೆ.